ಎಡಗೆನ್ನೆ

"ಅಕ್ಕ, ಈಯಮ್ಮನಿಗೆ ಮೈ ಹುಷಾರಿಲ್ಲ ಅನ್ಸತ್ತೆ," ಎಂದ ಬಡಗಿ, ಕಚ್ಚಿಕೊಂಡಿದ್ದ ಪೆನ್ಸಿಲನ್ನು ಬಾಯಿಂದ ತೆಗೆಯದೆ.

ಹಳೆಯ ಚಿತ್ರಗಳ ದುರಸ್ತಿ ಮಾಡುವ ಅವಳು ತಲೆ ಎತ್ತಲಿಲ್ಲ. ಚಿತ್ರಶಾಲೆಯ ಪ್ರತಿಯೊಂದು ಮುಖದ ಬಗ್ಗೆಯೂ ಬಡಗಿಯದು ಏನಾದರೊಂದು ತಕರಾರು ಇದ್ದೇ ಇತ್ತು. ಮೆಟ್ಟಿಲ ಬಳಿಯ ಸೇನಾಪತಿಗೆ ಹಲ್ಲುನೋವು. ಮೇಲಿನ ಅಂತಸ್ತಿನ ವ್ಯಾಪಾರಿಗೆ ಮೂಲವ್ಯಾಧಿ, ಅದಕ್ಕೇ ಅವನು ಕುರ್ಚಿಯ ತುದಿಯಲ್ಲಿ ಕೂತಿರುವುದು. ಚೌಕಟ್ಟು ಕಟ್ಟುವವನಿಗೆ ಒಳಗಿರುವವರ ಮೇಲೆ ಅಷ್ಟು ಸಲಿಗೆ ಇರುವುದು ಸಹಜವೇ. ನೂರೈವತ್ತು ವರ್ಷ ಒಂದೇ ಕಡೆ ನಿಂತಿದ್ದರೆ ನಿನಗೂ ಹುಷಾರು ತಪ್ಪುತ್ತಿತ್ತು ಎಂದು ಹೇಳಿ ಅವಳು ಬಾಟಲಿಗಳ ಮುಚ್ಚಳ ಬಿಗಿ ಮಾಡುತ್ತಲೇ ಇದ್ದಳು.

"ತಮಾಷೆಗಲ್ಲ ಅಕ್ಕ. ಕೆನ್ನೆ ನೋಡಿ. ಹಸಿರಿಟ್ಟುಕೊಂಡಿದೆ."

ಆಗ ತಿರುಗಿ ನೋಡಿದಳು. ಅಳತೆ ತೆಗೆಯಲೆಂದು ಅವನು ಚಿತ್ರವನ್ನು ಮೇಜಿನಿಂದ ಎತ್ತಿ ಕಿಟಕಿಯ ಪಕ್ಕ ನಿಲ್ಲಿಸಿದ್ದ. ಸೋಮವಾರ ಬೆಳಗಿನ ಹತ್ತು ಗಂಟೆಯ ಬೆಳಕು ಎದುರಿನ ಕಟ್ಟಡದ ಬಿಳಿ ಗೋಡೆಗೆ ಬಡಿದು ಒಳಗೆ ಬರುತ್ತಿತ್ತು. ಒಬ್ಬ ಹೆಂಗಸಿನ, ಸೊಂಟದವರೆಗಿನ ಚಿತ್ರ. ಬೂದು ಉಡುಪು, ಹೊಟ್ಟೆಯ ಮೇಲೆ ಒಂದರ ಮೇಲೊಂದು ಇಟ್ಟ ಕೈ, ಬೆರಳುಗಳ ನಡುವೆ ಕೀಲಿಕೈಗಳ ಗೊಂಚಲು. ಹೆಸರು ಯಾರಿಗೂ ಗೊತ್ತಿಲ್ಲ. ಪಟ್ಟಿಯಲ್ಲಿ ‘ಕೀಲಿಕೈ ಹಿಡಿದ ಮಹಿಳೆ’ ಎಂದಷ್ಟೇ ಇದೆ. ಮುಖದ ಬಲಭಾಗ, ಕತ್ತು ಮತ್ತು ಕೈಗಳು ಇನ್ನೂ ಹಳೆಯ ವಾರ್ನಿಷ್‌ನ ಅಡಿಯಲ್ಲಿ ಗಟ್ಟಿ ಚಹಾದ ಬಣ್ಣದಲ್ಲಿದ್ದವು. ನೋಡುವವರ ಎಡಕ್ಕಿದ್ದ ಅರ್ಧ ಮುಖವನ್ನು ಅವಳು ಶನಿವಾರ ಮಧ್ಯಾಹ್ನದಿಂದ ಸಂಜೆಯವರೆಗೆ ಕೂತು ತೊಳೆದಿದ್ದಳು.

ಶನಿವಾರ ದೀಪದ ಕೆಳಗೆ ಆ ಕೆನ್ನೆ ಹಾಲಿನಲ್ಲಿ ತೊಳೆದ ಹಾಗೆ ಕಂಡಿತ್ತು. ಈಗ ಹಗಲಿನಲ್ಲಿ ಅದು ಬೆಳ್ಳಗಿರಲಿಲ್ಲ. ಬೂದಿ ಬೆರೆತ ಹಸಿರಾಗಿತ್ತು. ಮೂಗಿನ ಹೊಳ್ಳೆಯ ಅಂಚಿನಲ್ಲಿ, ಕಿವಿಯ ತುದಿಯಲ್ಲಿ, ಕಣ್ಣಿನ ಒಳಮೂಲೆಯಲ್ಲಿ ಕೆಂಪಿನ ಸುಳಿವೇ ಇರಲಿಲ್ಲ. ಯಾವ ಬಣ್ಣದವರೇ ಆಗಲಿ, ಬದುಕಿರುವವರ ಮುಖದಲ್ಲಿ ಈ ಮೂರು ಕಡೆ ರಕ್ತ ಕಾಣಲೇಬೇಕು. ಮೂವತ್ತು ವರ್ಷದಿಂದ ಅವಳೇ ಹೊಸಬರಿಗೆ ಇದನ್ನು ಹೇಳಿಕೊಟ್ಟವಳು.

ಅಳತೆ ಆಯಿತಲ್ಲ, ಹೊರಡು ಎಂದು ಬಡಗಿಯನ್ನು ಕಳಿಸಿ ಬಾಗಿಲು ಹಾಕಿದಳು. ಕಪಾಟಿನಿಂದ ಶನಿವಾರದ ಜಾಡಿ ತೆಗೆದಳು. ಚಿತ್ರ ತೊಳೆಯಲು ಬಳಸಿದ ಹತ್ತಿಯನ್ನು ಎಸೆಯುವ ಹಾಗಿಲ್ಲ, ಕೆಲಸ ಪೂರ್ತಿ ಮುಗಿಯುವವರೆಗೆ ದಿನಾಂಕ ಬರೆದ ಜಾಡಿಯಲ್ಲಿ ಹಾಕಿಡಬೇಕು. ಆ ನಿಯಮವೂ ಅವಳದೇ. ಕಡ್ಡಿಗೆ ಸುತ್ತಿದ ಹತ್ತಿಯ ಉಂಡೆಗಳನ್ನು ಒಂದೊಂದಾಗಿ ಬಿಳಿ ಕಾಗದದ ಮೇಲೆ ಸಾಲಾಗಿ ಜೋಡಿಸಿದಳು. ಜಾಡಿಯ ತಳದಲ್ಲಿದ್ದವು, ಅಂದರೆ ಮೊದಲು ಬಳಸಿದವು, ಜೇನಿನ ಹಳದಿ. ಅದು ವಾರ್ನಿಷ್, ಹಾಗೇ ಇರಬೇಕು. ಮೂರನೆಯ ಸಾಲಿನ ಹೊತ್ತಿಗೆ ಹಳದಿಯಲ್ಲಿ ಇಟ್ಟಿಗೆಯ ಕೆಂಪು ಸೇರಿತ್ತು. ನಾಲ್ಕನೆಯ, ಐದನೆಯ ಸಾಲುಗಳು ಪೂರ್ತಿ ಕೆಂಗಂದು. ಅದು ಕೊಳೆಯಲ್ಲ, ವಾರ್ನಿಷ್ ಅಲ್ಲ. ಅದು ಆ ಹೆಂಗಸಿನ ಮೈಬಣ್ಣ. ಕಾಗದದ ಮೇಲೆ ಹತ್ತಿಯಲ್ಲಿ ಒಣಗಿ ಬಿದ್ದಿತ್ತು.

ಹಳೆಯ ಕಾಲದ ಆ ಚಿತ್ರಕಾರರು ಮೈಬಣ್ಣವನ್ನು ಒಂದೇ ಸಲಕ್ಕೆ ಬಳಿಯುತ್ತಿರಲಿಲ್ಲ. ಮೊದಲು ಮುಖವನ್ನು ಬೂದುಹಸಿರಿನಲ್ಲಿ ಪೂರ್ತಿ ಬರೆದು ವಾರಗಟ್ಟಲೆ ಒಣಗಲು ಬಿಡುತ್ತಿದ್ದರು. ಆಮೇಲೆ ಅದರ ಮೇಲೆ ಕೆಂಪು, ಕಂದು, ಹಳದಿಗಳನ್ನು ರಾಳದಲ್ಲಿ ಕಲಸಿ, ಗಾಜಿನ ಮೇಲೆ ಉಸಿರು ಬಿಟ್ಟಷ್ಟು ತೆಳ್ಳಗೆ, ಪದರದ ಮೇಲೆ ಪದರ ಎಳೆಯುತ್ತಿದ್ದರು. ಬೆಳಕು ಆ ಪದರಗಳ ಒಳಗೆ ಹೋಗಿ, ಹಸಿರಿಗೆ ತಗುಲಿ, ಬೆಚ್ಚಗಾಗಿ ಹೊರಬರುತ್ತದೆ. ನೋಡುವವರಿಗೆ ಚರ್ಮದ ಕೆಳಗೆ ರಕ್ತ ಹರಿಯುತ್ತಿದೆ ಅನ್ನಿಸುವುದು ಅದಕ್ಕೇ. ಕಷ್ಟ ಏನೆಂದರೆ ಆ ಪದರದಲ್ಲಿರುವ ರಾಳವೂ ಮೇಲಿನ ವಾರ್ನಿಷ್‌ನಲ್ಲಿರುವ ರಾಳವೂ ಒಂದೇ ಜಾತಿಯವು. ಒಂದನ್ನು ಕರಗಿಸುವ ದ್ರಾವಣ ಇನ್ನೊಂದನ್ನೂ ಕರಗಿಸುತ್ತದೆ. ಅದಕ್ಕೇ ಮುಖ ಮುಟ್ಟುವ ಮೊದಲು ಅಂಚಿನಲ್ಲಿ ಸಾಸಿವೆಯಷ್ಟು ಜಾಗದಲ್ಲಿ ಪರೀಕ್ಷೆ ಮಾಡಬೇಕು. ಅವಳು ಹಿನ್ನೆಲೆಯ ಮೂಲೆಯಲ್ಲಿ ಮಾಡಿದ್ದಳು, ಉಡುಪಿನ ಮಡಿಕೆಯಲ್ಲಿ ಮಾಡಿದ್ದಳು. ಮುಖದಲ್ಲಿ ಮಾಡಿರಲಿಲ್ಲ.

ಏಕೆ ಮಾಡಲಿಲ್ಲ? ಅವಳು ಸ್ಟೂಲಿನ ಮೇಲೆ ಕೂತಳು, ಎದ್ದಳು, ತೊಟ್ಟಿಗೆ ಹೋಗಿ ಕೈ ತೊಳೆದಳು, ಮತ್ತೆ ಬಂದು ಕೂತಳು. ಶನಿವಾರ ನಿರ್ದೇಶಕರು ಇಬ್ಬರು ಅತಿಥಿಗಳನ್ನು ಕರೆದುಕೊಂಡು ಬಂದಿದ್ದರು. ಬೆನ್ನ ಹಿಂದೆ ಮೂರು ಜನ ನಿಂತಿದ್ದರು, ದೀಪ ಹಳದಿಯಾಗಿತ್ತು, ಮಾತು ನಡೆದೇ ಇತ್ತು. ಇವೆಲ್ಲ ನಿಜ. ನಾಳೆ ಯಾರಾದರೂ ಕೇಳಿದರೆ ಹೇಳಬಹುದಾದ ಕಾರಣಗಳು. ಆದರೆ ಅವಳ ಕೈಗೆ ಬೇರೆಯದೇ ಗೊತ್ತಿತ್ತು. ಹತ್ತಿ ಉರುಳಿಸಿದ ಕಡೆಯೆಲ್ಲ ಮುಖ ಬಿಳಿಯಾಗುತ್ತ ಬಂದಾಗ ಹಿಂದಿದ್ದವರು ಅಬ್ಬಾ ಎಂದಿದ್ದರು, ಅವಳಿಗೂ ಖುಷಿಯಾಗಿತ್ತು. ಕಂದು ಮುಖದ ಕೆಳಗೆ ಒಂದು ಬಿಳಿ ಮುಖ ಇದ್ದೇ ಇರುತ್ತದೆ ಎಂದು ಅವಳು ಅನುಮಾನವೇ ಇಲ್ಲದೆ ನಂಬಿದ್ದಳು. ಮೊದಲೇ ನಂಬಿದ್ದಕ್ಕೆ ಪರೀಕ್ಷೆ ಯಾತಕ್ಕೆ? ಕೈ ಆ ಖುಷಿಯಲ್ಲೇ ಓಡಿತ್ತು.

ಹನ್ನೊಂದು ಗಂಟೆಗೆ ನಿರ್ದೇಶಕರು ಬಂದರು. ಅವರು ಎಲ್ಲ ಕೋಣೆಗಳಿಗೂ ‘ಆಯ್ತಾ?’ ಎಂದುಕೊಂಡೇ ಕಾಲಿಡುತ್ತಿದ್ದುದರಿಂದ ಕೆಲಸದವರ ಬಾಯಲ್ಲಿ ಅವರು ಆಯ್ತಾ ಸಾಹೇಬರು. ಕೆಟ್ಟವರಲ್ಲ. ಚಿತ್ರಶಾಲೆಯ ಸೋರುವ ಮಾಡಿಗಾಗಿ ಎಂಟು ವರ್ಷ ಮೇಲಿನವರ ಬಾಗಿಲು ಕಾದವರು, ಜನ ಬಂದು ನೋಡದಿದ್ದರೆ ಚಿತ್ರಗಳೆಲ್ಲ ಗೋದಾಮಿಗೆ ಹೋಗುತ್ತವೆ ಎಂದು ನಿಜವಾಗಿಯೂ ಹೆದರಿದವರು. ಅವಳು ಅಷ್ಟರಲ್ಲಿ ಹತ್ತಿಯನ್ನೆಲ್ಲ ಜಾಡಿಗೆ ತುಂಬಿ ಚಿತ್ರವನ್ನು ಕಿಟಕಿಯಿಂದ ಒಳಗೆ ಸರಿಸಿದ್ದಳು. ಅವರು ಎರಡು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿ ಬಹಳ ಸಂತೋಷಪಟ್ಟರು. ಪಾಪ, ಇಷ್ಟು ಕಾಲ ಕೊಳೆ ಹೊತ್ತುಕೊಂಡು ಕೂತಿದ್ದಳಲ್ಲ, ಒಳಗೆ ಎಂಥ ರೂಪ ಇತ್ತು ನೋಡಿ ಎಂದರು. ಅರ್ಧ ಕಪ್ಪು ಅರ್ಧ ಬಿಳಿ ಮುಖದ ಫೋಟೋವನ್ನೇ ಪ್ರದರ್ಶನದ ಆಮಂತ್ರಣದ ಮೇಲೆ ಹಾಕಿಸಿದ್ದಾರಂತೆ, ಅಚ್ಚಿಗೆ ಹೋಗಿದೆಯಂತೆ. ಭಾನುವಾರ ಉದ್ಘಾಟನೆ. ಗುರುವಾರದೊಳಗೆ ಬಲಭಾಗವೂ ಕೈಗಳೂ ಮುಗಿಯಬೇಕು.

"ಆಗತ್ತಲ್ಲ ಮೇಡಂ?"

"ಆಗತ್ತೆ ಸಾರ್," ಎಂದಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು, ಅಷ್ಟರಲ್ಲಿ ಅವರು ಪಕ್ಕದ ಕೋಣೆಗೆ ಆಯ್ತಾ ಎನ್ನುತ್ತ ಹೋಗಿಯಾಗಿತ್ತು.

ಆಗಿಯೇ ಆಗುತ್ತಿತ್ತು. ಅದೇ ದ್ರಾವಣ, ಅದೇ ಹತ್ತಿ, ಒಂದು ದಿನದ ಕೆಲಸ. ಬಲಗೆನ್ನೆಯನ್ನೂ ಎಡಗೆನ್ನೆಯಂತೆ ಮಾಡಿಬಿಟ್ಟರೆ ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ. ಜನ ಬಂದು ಬಿಳಿಯ ಹೆಂಗಸನ್ನು ನೋಡಿ ಹೋಗುತ್ತಾರೆ. ಸ್ವಲ್ಪ ಸಪ್ಪೆ ಮುಖ ಅನ್ನಬಹುದು ಯಾರಾದರೂ. ಆ ಕಾಲದವರು ಹಾಗೇ ಇದ್ದರು ಎಂದರೆ ತಲೆಯಾಡಿಸುತ್ತಾರೆ. ಅವಳ ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಬಾಯಿ ಬಿಟ್ಟರೆ ಮೂವತ್ತು ವರ್ಷದ ಹೆಸರು ಒಂದೇ ದಿನಕ್ಕೆ ಹೋಗುತ್ತದೆ. ಬಾಯಿ ಬಿಡದಿದ್ದರೆ ಒಬ್ಬ ಹೆಂಗಸಿನ ಮುಖ ಹೋಗುತ್ತದೆ, ಆದರೆ ಅವಳು ಯಾರೆಂದೇ ಯಾರಿಗೂ ಗೊತ್ತಿಲ್ಲ, ದೂರು ಕೊಡಲು ಅವಳ ಕಡೆಯವರು ಯಾರೂ ಬರುವುದಿಲ್ಲ.

ಅಂದು ಮನೆಯಲ್ಲಿ ಅವಳ ಕಾಲು ಒಂದು ಕಡೆ ನಿಲ್ಲಲಿಲ್ಲ. ಒರೆಸಿದ್ದ ಒಲೆಯನ್ನೇ ಮತ್ತೆ ಒರೆಸಿದಳು, ಫ್ರಿಜ್ ತೆಗೆದು ಯಾತಕ್ಕೆ ತೆಗೆದೆನೆಂದು ನೆನಪಾಗದೆ ಮುಚ್ಚಿದಳು, ಮಡಿಸಿದ್ದ ಬಟ್ಟೆ ಬಿಚ್ಚಿ ಮತ್ತೆ ಮಡಿಸಿದಳು. ಗಂಡ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು. ಇಪ್ಪತ್ತೈದು ವರ್ಷ ಪಕ್ಕದ ಸೀಟಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬದುಕಿದವನಾದ್ದರಿಂದ ಯಾರು ಎಲ್ಲಿ ಗುದ್ದಲಿದ್ದಾರೆ ಎಂದು ಅವನಿಗೆ ಮುಂಚೆಯೇ ಗೊತ್ತಾಗುತ್ತಿತ್ತು. ಏನಾಯಿತು ಎಂದು ಒಂದು ಸಲ ಕೇಳಿದ. ಏನಿಲ್ಲ ಎಂದಳು. ಏನಿಲ್ಲದವರು ನಾಲ್ಕು ಸಲ ಬಾಗಿಲ ಚಿಲಕ ನೋಡುವುದಿಲ್ಲ ಎಂದು ಹೇಳಿ ಅವನು ಟಿವಿಯ ಕಡೆ ತಿರುಗಿದ.

ಅವನ ಮೈಬಣ್ಣ ಕಪ್ಪು. ಮಗಳು ಪೂರ್ತಿ ಅವನ ಬಣ್ಣ. ಮಗಳಿಗೆ ಈಗ ಇಪ್ಪತ್ತಮೂರು, ಆಸ್ಪತ್ರೆಯ ಲ್ಯಾಬಿನಲ್ಲಿ ರೋಗಿಗಳ ರಕ್ತ ತೆಗೆಯುವ ಕೆಲಸ. ಅವಳಿಗೆ ಹನ್ನೆರಡು ತುಂಬಿದಾಗ ತಾಯಿ ಒಂದು ಟ್ಯೂಬು ಕ್ರೀಮು ತಂದಿದ್ದಳು. ಸ್ಕೂಲಿಗೆ ಹೊರಡುವ ಮುಂಚೆ ಹಿಡಿದು ನಿಲ್ಲಿಸಿ ಮುಖಕ್ಕೆ ತಿಕ್ಕುತ್ತಿದ್ದಳು, ಕಿವಿಯ ಹಿಂದೆಯೂ ಬಿಡದೆ. ನಿನ್ನ ಒಳ್ಳೆಯದಕ್ಕೇ ಕಣೇ ಎನ್ನುತ್ತಿದ್ದಳು. ಮೂರು ವರ್ಷ ಹಾಗೇ ನಡೆಯಿತು. ಹದಿನೈದನೆಯ ವಯಸ್ಸಿನಲ್ಲಿ ಒಂದು ದಿನ ಮಗಳು ಟ್ಯೂಬನ್ನು ಕಸದ ಬುಟ್ಟಿಗೆ ಹಾಕಿ ಏನೂ ಹೇಳದೆ ಸ್ಕೂಲಿಗೆ ಹೋದಳು. ತಾಯಿಯೂ ಏನೂ ಕೇಳಲಿಲ್ಲ. ಅಂದಿನಿಂದ ಅವರಿಬ್ಬರೂ ಚೆನ್ನಾಗಿಯೇ ಇದ್ದರು, ನಗುತ್ತಿದ್ದರು, ಒಬ್ಬರ ಚಪ್ಪಲಿ ಒಬ್ಬರು ಹಾಕಿಕೊಂಡು ಹೋಗುತ್ತಿದ್ದರು. ಕ್ರೀಮಿನ ಮಾತು ಮಾತ್ರ ಆ ಮನೆಯಲ್ಲಿ ಬರಲಿಲ್ಲ.

ಮಂಗಳವಾರ ಮಧ್ಯಾಹ್ನ ಮಗಳು ದುರಸ್ತಿ ಕೋಣೆಯ ಬಾಗಿಲು ತಟ್ಟಿದಳು. ಬೆಳಗಿನ ಪಾಳಿ ಮುಗಿಸಿ ಬಂದಿದ್ದಳು, ಮನೆಯ ಕೀ ಮರೆತಿದ್ದಳು. ತಾಯಿ ಚೀಲದಲ್ಲಿ ಹುಡುಕತೊಡಗಿದಾಗ ಅವಳು ಸುಮ್ಮನೆ ಅತ್ತಿತ್ತ ನೋಡುತ್ತ ಚಿತ್ರದ ಎದುರು ನಿಂತಳು. ತಾಯಿಯ ಕೈ ಚೀಲದೊಳಗೇ ನಿಂತಿತು. ಮಗಳು ಬಲಗೆನ್ನೆ ನೋಡಿದಳು, ಎಡಗೆನ್ನೆ ನೋಡಿದಳು, ಕೆಳಗೆ ಕಂದು ಕೈಗಳನ್ನು ನೋಡಿದಳು. ದಿನಕ್ಕೆ ಎಂಬತ್ತು ಕೈ ಹಿಡಿಯುವವಳು. ಕೈಗಳನ್ನು ಅವಳು ಬಹಳ ಹೊತ್ತು ನೋಡಿದಳು.

"ಅಮ್ಮ," ಎಂದಳು ಮೆಲ್ಲಗೆ, "ಇವಳಿಗೂ ಹಚ್ಚಿದ್ಯಾ?"

ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಉತ್ತರ ಕೊಡಬಹುದಿತ್ತು. ಇದು ಬೇರೆ ವಿಷಯ, ನಿನಗೆ ಗೊತ್ತಾಗುವುದಿಲ್ಲ, ಇದಕ್ಕೆ ದ್ರಾವಣ ಅಂತಾರೆ ಎಂದೇನಾದರೂ ಹೇಳಬಹುದಿತ್ತು. ಮಗಳೇ ಚೀಲ ಇಸಿದುಕೊಂಡು ಕೀ ಹುಡುಕಿಕೊಂಡಳು, ಊಟ ಮಾಡಿದ್ಯಾ ಎಂದು ಕೇಳಿದಳು, ಹೊರಟುಹೋದಳು. ಅವಳ ಬೂಟಿನ ಸದ್ದು ಮೊಗಸಾಲೆಯ ಕೊನೆಯವರೆಗೂ ಕೇಳಿಸುತ್ತಿತ್ತು.

ಬುಧವಾರ ಅವಳು ಕೆಲಸಕ್ಕೆ ಕೂತಳು. ಹತ್ತಿ ಸುತ್ತಿದಳು, ದ್ರಾವಣದಲ್ಲಿ ಅದ್ದಿದಳು, ಹಿಂಡಿದಳು, ಬಲಗೆನ್ನೆಯ ಹತ್ತಿರ ಒಯ್ದಳು. ಕೈ ಮುಂದೆ ಹೋಗಲಿಲ್ಲ. ಹತ್ತಿ ಆರಿತು. ಹೊಸದನ್ನು ಸುತ್ತಿದಳು. ಅದೂ ಆರಿತು. ಎದ್ದು ಮೇಲಿನ ಅಂತಸ್ತಿಗೆ ಹೋಗಿ ತಾನು ತೊಳೆದ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿಕೊಂಡು ಬಂದಳು. ವ್ಯಾಪಾರಿ, ಅವನ ಹೆಂಡತಿ, ಟೋಪಿಯ ಮುದುಕ, ಅವಳಿ ಮಕ್ಕಳು. ಇವರಲ್ಲಿ ಯಾರನ್ನೆಲ್ಲ ಹೀಗೇ ಮಾಡಿರಬಹುದು ಎಂದು ಒಬ್ಬೊಬ್ಬರ ಮುಂದೆಯೂ ಬಗ್ಗಿ ನೋಡಿದಳು. ಇಲ್ಲ, ಇವರ ಮೂಗಿನಂಚಿನಲ್ಲಿ ಕೆಂಪಿದೆ, ಕಿವಿಗಳಲ್ಲಿ ಜೀವವಿದೆ. ಇವರನ್ನು ಅವಳು ಪರೀಕ್ಷೆ ಮಾಡಿ, ಹೆದರಿ ಹೆದರಿ ತೊಳೆದಿದ್ದಳು. ಹೆದರದೆ ತೊಳೆದಿದ್ದು ಒಬ್ಬಳನ್ನೇ. ಅದು ಗೊತ್ತಾದದ್ದರಿಂದ ಸಮಾಧಾನವಾಗಲಿಲ್ಲ, ಇನ್ನೂ ನಾಚಿಕೆಯಾಯಿತು.

ಕೆಳಗೆ ಬಂದು ಚಿತ್ರದ ಕಡತ ತೆರೆದಳು. ಪ್ರತಿ ದಿನ ಏನು ಮಾಡಿದೆ ಎಂದು ಅದರಲ್ಲಿ ಬರೆಯಬೇಕು. ಶನಿವಾರದ ಸಾಲು ಖಾಲಿಯಿತ್ತು. ಹಳದಿ ದೀಪದ ವಿಷಯ ಬರೆಯೋಣವೆಂದುಕೊಂಡಳು, ಅತಿಥಿಗಳ ವಿಷಯವನ್ನೂ. ಕೊನೆಗೆ ಬರೆದದ್ದು ಇಷ್ಟೇ: ಮುಖದಲ್ಲಿ ಪರೀಕ್ಷೆ ಮಾಡದೆ ತೊಳೆದೆ. ಎಡಗೆನ್ನೆ, ಎಡಹಣೆ, ಎಡಗಿವಿಯ ಮೈಬಣ್ಣದ ಪದರವನ್ನು ತೆಗೆದುಬಿಟ್ಟಿದ್ದೇನೆ. ಹತ್ತಿ ಜಾಡಿಯಲ್ಲಿದೆ. ಸಹಿ ಹಾಕಿ, ಮನಸ್ಸು ಬದಲಾಗುವ ಮೊದಲು ಕಡತವನ್ನೂ ಜಾಡಿಯನ್ನೂ ತೆಗೆದುಕೊಂಡು ಮೆಟ್ಟಿಲು ಹತ್ತಿದಳು.

ನಿರ್ದೇಶಕರು ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಯಾರಿಗೆ ಗೊತ್ತು ಇದು ಎಂದು ಕೇಳಿದರು. ನಮ್ಮಿಬ್ಬರಿಗೆ ಎಂದಳು, ಬಡಗಿಗೆ ಅರ್ಧ ಗೊತ್ತು, ಮಗಳಿಗೆ ಪೂರ್ತಿ ಗೊತ್ತು ಎಂಬುದನ್ನು ಹೇಳಲಿಲ್ಲ. ಅವರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

"ನೋಡಿ, ಆಗಿದ್ದು ಆಗೋಯ್ತು. ಎಲ್ಲರಿಗೂ ಇಷ್ಟ ಆಗಿದೆ. ಇನ್ನರ್ಧನೂ ತೊಳೆದುಬಿಡಿ, ಮುಗೀತು. ಈ ಹಾಳೆ ನಾನು ನೋಡೇ ಇಲ್ಲ."

"ನಾನು ತೆಗೆದಿದ್ದು ಕೊಳೆ ಅಲ್ಲ ಸಾರ್. ಅವಳು ಇದ್ದಿದ್ದೇ ಹಾಗೆ."

"ಹಾಗೆ ಅಂದ್ರೆ?"

"ಕಪ್ಪಗೆ."

ನಿರ್ದೇಶಕರಿಗೆ ಸಿಟ್ಟು ಬಂತು. ಆಮಂತ್ರಣ ಅಚ್ಚಾಗಿ ಹಂಚಿಯೂ ಆಗಿದೆ, ಮೇಲಿನವರು ಬರುತ್ತಿದ್ದಾರೆ, ಈ ಒಂದು ಚಿತ್ರದ ಮೇಲೆಯೇ ಇಡೀ ಪ್ರದರ್ಶನ ನಿಂತಿದೆ, ಮೂವತ್ತು ವರ್ಷ ಕೆಲಸ ಮಾಡಿದವರಿಗೆ ಇಷ್ಟು ಗೊತ್ತಾಗಲಿಲ್ಲವೇ ಎಂದೆಲ್ಲ ಕೂಗಾಡಿದರು. ಅವಳು ಒಂದಕ್ಕೂ ಎದುರಾಡಲಿಲ್ಲ. ಎಲ್ಲವೂ ನಿಜವಾಗಿತ್ತು. ಕೂಗಿ ಸುಸ್ತಾದ ಮೇಲೆ ಅವರು ಜಾಡಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಒಳಗಿನ ಕೆಂಗಂದು ಹತ್ತಿಯನ್ನು ನೋಡುತ್ತ ನೋಡುತ್ತ ಅವರ ದನಿ ಇಳಿಯಿತು. ಅವರೂ ಚಿತ್ರ ಕಲಿತವರೇ, ಮಾಡು ಸೋರತೊಡಗಿದ ಮೇಲೆ ಮರೆತಿದ್ದರು ಅಷ್ಟೆ.

ಚಿತ್ರವನ್ನು ಪ್ರದರ್ಶನದಿಂದ ತೆಗೆಯಲಾಗುವುದು ಎಂದರು. ಹೊರಗಿನ ತಜ್ಞರ ಸಮಿತಿ ಬಂದು ನೋಡಬೇಕು, ಅವಳ ಮೇಲೆ ವಿಚಾರಣೆ ಆಗಲೇಬೇಕು, ಇನ್ನು ಮೇಲೆ ಬೇರೆ ಯಾವ ಚಿತ್ರವನ್ನೂ ಅವಳು ಒಬ್ಬಳೇ ಮುಟ್ಟುವ ಹಾಗಿಲ್ಲ. ಹೋದ ಬಣ್ಣವನ್ನು ಮತ್ತೆ ತುಂಬುವುದಿದ್ದರೆ, ಬೇಡವೆಂದಾಗ ಒರೆಸಿ ತೆಗೆಯಬಹುದಾದ ಬಣ್ಣದಲ್ಲೇ ತುಂಬಬೇಕು, ಮೊದಲು ಕಾಗದದ ಮೇಲೆ ಮಾಡಿ ಸಮಿತಿಗೆ ತೋರಿಸಬೇಕು. ಅವಳು ತಲೆಯಾಡಿಸಿದಳು. ಅವಳು ಬಾಗಿಲವರೆಗೆ ಹೋದಾಗ ಅವರು ಮತ್ತೆ ಕರೆದರು.

"ಯಾವ ಬಣ್ಣ ತುಂಬ್ತೀರಿ? ಅವಳು ಹೆಂಗಿದ್ದಳು ಅಂತ ಯಾರನ್ನ ಕೇಳ್ತೀರಿ?"

ಬಲಗೆನ್ನೆ ಉಳಿದಿದೆ, ನಿಜ. ಆದರೆ ಚಿತ್ರದಲ್ಲಿ ಬೆಳಕು ಬಿದ್ದಿರುವುದು ಎಡದಿಂದ. ಬಲಗೆನ್ನೆ ನೆರಳಿನದು. ನೆರಳಿನ ಕೆನ್ನೆ ನೋಡಿ ಬೆಳಕಿನ ಕೆನ್ನೆ ಬರೆಯಲಾಗುವುದಿಲ್ಲ. ಬಿಳಿಯ ಕೆನ್ನೆಗೆ ಬೆಳಕು ಬಿದ್ದರೆ ಎಲ್ಲಿ ಏನಾಗುತ್ತದೆ ಎಂದು ಅವಳು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಕಲಿಯುವಾಗ ಅವಳು ನಕಲು ಮಾಡಿದ ಮುಖಗಳೆಲ್ಲ ಬಿಳಿ, ಈ ಕಟ್ಟಡದ ಗೋಡೆಗಳ ತುಂಬ ಇದ್ದ ಮುಖಗಳೂ ಬಿಳಿ. ಕಪ್ಪು ಕೆನ್ನೆಗೆ ಬೆಳಕು ಬಿದ್ದರೆ ಏನಾಗುತ್ತದೆ? ಇಪ್ಪತ್ತಮೂರು ವರ್ಷ ಅಂಥದೊಂದು ಮುಖ ಅವಳ ಎದುರಿಗೇ ಕೂತು ಊಟ ಮಾಡಿತ್ತು.

ಗುರುವಾರವೂ ಶುಕ್ರವಾರವೂ ಅವಳು ಮಗಳನ್ನು ಕೇಳಬೇಕೆಂದುಕೊಂಡು ಕೇಳಲಿಲ್ಲ. ಸ್ನಾನದ ಮನೆಯ ಬಾಗಿಲ ಹೊರಗೆ ನಿಂತು ಬಾಯಿ ತೆರೆದು, ನೀರು ಬಿಸಿ ಇದೆಯಾ ಎಂದು ಕೇಳಿ ಹಿಂದೆ ಬಂದಳು. ತಪ್ಪು ಒಪ್ಪಿಕೊಳ್ಳಲು ನಿರ್ದೇಶಕರ ಮೆಟ್ಟಿಲು ಹತ್ತಿದ್ದು ಇದರ ಮುಂದೆ ಏನೂ ಅಲ್ಲ ಎನ್ನಿಸಿತು. ಶನಿವಾರ ತಿಂಡಿ ತಿನ್ನುವಾಗ, ಯಾವುದೋ ಬಿಲ್ ಕಟ್ಟಿದೆಯಾ ಎಂದು ಕೇಳುವ ದನಿಯಲ್ಲಿ, ಭಾನುವಾರ ಬೆಳಗ್ಗೆ ದುರಸ್ತಿ ಕೋಣೆಗೆ ಬಂದು ಒಂದು ಗಂಟೆ ಹೊತ್ತು ಕಿಟಕಿಯ ಪಕ್ಕ ಕೂರುತ್ತೀಯಾ ಎಂದು ಕೇಳಿದಳು. ಗಂಡ ತಟ್ಟೆಯಿಂದ ತಲೆ ಎತ್ತದೆ ತಿನ್ನುವುದನ್ನು ನಿಲ್ಲಿಸಿದ. ಯಾತಕ್ಕೆ ಎಂದು ಮಗಳು ಕೇಳಿದಳು.

"ನಿನ್ನ ಮುಖ ನೋಡ್ಬೇಕು."

ಮಗಳು ಬಹಳ ಹೊತ್ತು ಅಗಿಯುತ್ತಲೇ ಇದ್ದಳು. ಹನ್ನೆರಡಕ್ಕೆ ಪಾಳಿ ಇದೆ, ಅದರೊಳಗಾದರೆ ಬರುತ್ತೇನೆ ಎಂದಳು.

ಭಾನುವಾರ ಬೆಳಗ್ಗೆ ಮುಂಬಾಗಿಲ ಕಡೆಯಿಂದ ಕುರ್ಚಿ ಎಳೆಯುವ, ಮೈಕು ಪರೀಕ್ಷಿಸುವ ಸದ್ದು ಬರುತ್ತಿತ್ತು. ದುರಸ್ತಿ ಕೋಣೆಯಲ್ಲಿ ಚಿತ್ರ ಬಟ್ಟೆ ಹೊದ್ದುಕೊಂಡು ಗೋಡೆಗೆ ಒರಗಿತ್ತು. ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಬೆಳಕು ಎಡಕ್ಕೆ ಬರುವ ಹಾಗೆ ಭುಜ ತಿರುಗಿಸಿ, ತಾಯಿ ಎದುರು ಕೂತು ನೋಡತೊಡಗಿದಳು. ಮೊದಲ ಐದು ನಿಮಿಷ ಇಬ್ಬರಿಗೂ ಕಷ್ಟವಾಯಿತು. ಮಗಳು ಗೋಡೆಯ ಗಡಿಯಾರ ನೋಡಿದಳು, ಕಾಲು ಕುಣಿಸಿದಳು, ತುರಿಕೆಯಿಲ್ಲದಿದ್ದರೂ ಮೂಗು ಕೆರೆದುಕೊಂಡಳು. ಆಮೇಲೆ ತಾಯಿ ನೋಡುವ ಕೆಲಸದಲ್ಲಿ ತನ್ನನ್ನೇ ಮರೆತಳು. ಕೆನ್ನೆಯ ಮೂಳೆಯ ಮೇಲೆ ಬೆಳಕು ಬಿದ್ದ ಕಡೆ ನೀಲಿ ಇತ್ತು, ಆಕಾಶದಿಂದ ಬಂದ ತಣ್ಣನೆಯ ನೀಲಿ. ಅದರ ಪಕ್ಕದಲ್ಲೇ ತಾಮ್ರ. ದವಡೆಯ ಹತ್ತಿರ ಹಸಿರು, ಮೂಗಿನ ಅಂಚಿನಲ್ಲಿ ಮಾಗಿದ ನೇರಳೆಯ ಕೆಂಪು, ಕಿವಿಯ ಮೂಲಕ ಕಿಟಕಿಯ ಬೆಳಕು ಹಾದು ಅಲ್ಲಿ ಬರೀ ರಕ್ತದ ಬಣ್ಣ. ಅವಳಿಗೆ ಒಮ್ಮೆಲೇ ಅಳು ಬಂತು. ಅಳುತ್ತ ಬಣ್ಣ ಕಲಸಲಾಗುವುದಿಲ್ಲ ಎಂದು ನುಂಗಿಕೊಂಡಳು.

ನೀರಿನ ಬಣ್ಣಗಳನ್ನು ಬಿಳಿ ತಟ್ಟೆಯಲ್ಲಿ ಕಲಸಿದಳು, ಕಾಗದದ ಚೂರಿಗೆ ಹಚ್ಚಿ ಮಗಳ ಕೆನ್ನೆಯ ಪಕ್ಕ ಹಿಡಿದಳು. ಹೊಂದಲಿಲ್ಲ. ಮತ್ತೆ ಕಲಸಿದಳು. ಮಗಳು ತಟ್ಟೆಯನ್ನು ಬಗ್ಗಿ ನೋಡಿದಳು.

"ಕಪ್ಪು ಹಾಕಲ್ವಾ?"

"ಇಲ್ಲ. ಕಪ್ಪು ಎಲ್ಲೂ ಇಲ್ಲ."

"ಹಾಗಾದ್ರೆ ಇಷ್ಟು ವರ್ಷ ಏನಿತ್ತು?"

ತಾಯಿಯ ಕುಂಚ ನಿಂತಿತು. "ಇದೇ ಇತ್ತು ಕಣೇ," ಎಂದಳು. "ನಾನು ನೋಡಿರ್ಲಿಲ್ಲ."

ಹೊರಗೆ ಮೈಕಿನಲ್ಲಿ ಯಾರೋ ಒಂದು ಎರಡು ಮೂರು ಎಂದರು. ಇನ್ನೊಂದು ಚೂರು ಕಾಗದ ಹಿಡಿದು ನೋಡಿದಾಗಲೂ ಹೊಂದಲಿಲ್ಲ. ಕಾಗದದ ನೆರಳೇ ಕೆನ್ನೆಯ ಮೇಲೆ ಬಿದ್ದು ಬಣ್ಣ ಕೆಡಿಸುತ್ತಿತ್ತು. ಹನ್ನೊಂದೂಕಾಲಾಗಿತ್ತು.

"ಹೀಗೆಲ್ಲ ಗೊತ್ತಾಗಲ್ಲ ಅಮ್ಮ," ಎಂದಳು ಮಗಳು. "ನಾವು ನರ ಹುಡುಕೋವಾಗ ಕೈ ಮೇಲೇ ಬೆರಳಿಟ್ಟು ನೋಡ್ತೀವಿ. ಮುಖಕ್ಕೇ ಹಚ್ಚಿ ನೋಡು."

ತಾಯಿ ಅವಳನ್ನೇ ನೋಡಿದಳು. ಮಗಳು ಕಣ್ಣು ಮುಚ್ಚಿ ಮುಖ ಮುಂದೆ ಚಾಚಿದಳು.

ಕಿರುಬೆರಳಿನ ತುದಿಯಲ್ಲಿ ಬಣ್ಣ ತೆಗೆದುಕೊಂಡು ಕೆನ್ನೆಯ ಮೇಲೆ ಒಂದು ಚುಕ್ಕೆ ಇಟ್ಟಳು. ಅದು ಸುಣ್ಣದ ಚುಕ್ಕೆಯ ಹಾಗೆ ಎದ್ದು ಕಂಡಿತು. ತಟ್ಟೆಗೆ ಕೆಂಪು ಮಣ್ಣಿನ ಬಣ್ಣ ಸೇರಿಸಿ ಎರಡನೆಯದನ್ನು ಇಟ್ಟಳು, ಅದು ಗಾಯದಂತೆ ಕಂಡಿತು. ಹಸಿರು ಸ್ವಲ್ಪ, ನೀಲಿ ಸೂಜಿಮೊನೆಯಷ್ಟು, ಮತ್ತೆ ಕಂದು. ಬಹಳ ಹೊತ್ತು ಕಲಸಿದಳು. ಮೂರನೆಯದನ್ನು ಮೂಳೆಯ ಸ್ವಲ್ಪ ಕೆಳಗೆ ಇಟ್ಟು, ಬೆರಳು ತೆಗೆದು, ಹಿಂದೆ ಸರಿದಳು.

"ಎಲ್ಲಿ ಹಚ್ಚಿದೆ?" ಎಂದಳು ಮಗಳು ಕಣ್ಣು ಮುಚ್ಚಿಕೊಂಡೇ. "ಒದ್ದೆ ಗೊತ್ತಾಯ್ತು."

ತಾಯಿ ಹತ್ತಿರ ಬಂದಳು. ಕನ್ನಡಕವನ್ನು ಹಣೆಗೇರಿಸಿದಳು. ಮಗಳ ಗಲ್ಲ ಹಿಡಿದು ಬೆಳಕಿನ ಕಡೆ ಒಂದಿಷ್ಟು ತಿರುಗಿಸಿ, ಈಗಷ್ಟೇ ಇಟ್ಟ ಚುಕ್ಕೆಯನ್ನು ಆ ಕೆನ್ನೆಯ ಮೇಲೆ ಹುಡುಕುತ್ತ ನಿಂತಳು.